ಗ್ಯಾಲರಿಗೆ ಬಂದ ಬಾಲ್ ಯಾರದ್ದು?

ಈ ಸಲ ಒಂದೇ ವಿಷಯದ ಕಾಗದಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಯಾರಾದರೂ ದೊಡ್ಡ ದಾಖಲೆಯ ಹೋಮ್ ರನ್ ಹೊಡೆದರೆ ಬಾಲ್ ಬೇಲಿ ದಾಟಿ ಪ್ರೇಕ್ಷಕರ ಮಧ್ಯೆ ಬೀಳುತ್ತದೆ. ಹಿಡಿದವರು ಅದನ್ನು ಆಟಗಾರನಿಗೆ ವಾಪಸ್ ಕೊಡಬೇಕಾ, ಇಟ್ಟುಕೊಳ್ಳಬಹುದಾ, ಮಾರಿಕೊಳ್ಳಬಹುದಾ? ಬಂದ ಕಾಗದಗಳೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ಪ್ರಶ್ನೆ: ನನ್ನ ತಂಗಿಯ ಮಗ ಲಾಸ್ ಏಂಜಲೀಸ್‌ನಲ್ಲಿದ್ದಾನೆ, ಅಲ್ಲಿನ ಡಾಡ್ಜರ್ಸ್ ತಂಡ ಅಂದ್ರೆ ಪ್ರಾಣ. ಆ ತಂಡದ ಶೋಹೆ ಒಟಾನಿ 2024ರಲ್ಲಿ ಒಂದೇ ಸೀಸನ್‌ನಲ್ಲಿ 50 ಹೋಮ್ ರನ್ ಹೊಡೆದು 50 ಬೇಸ್ ಕದ್ದ (ಅಂದ್ರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ಮುಟ್ಟಿದ) ಮೊದಲ ಆಟಗಾರನಾದ. ಆ 50ನೇ ಹೋಮ್ ರನ್ ಬಾಲ್ ಸಿಕ್ಕವನು ಅದನ್ನು ಹರಾಜಿಗೆ ಕೊಟ್ಟ. 'ಅವನು ಒಟಾನಿಗೆ ಕೊಡಬೇಕಿತ್ತು, ಇದು ದುರಾಸೆ' ಅನ್ನುತ್ತಾನೆ ನಮ್ಮ ಹುಡುಗ. ನಾನು ಒಪ್ಪಲಿಲ್ಲ. ಯಾರು ಸರಿ?

ನೀವೇ ಸರಿ. ಕೊಡಲೇಬೇಕು ಅಂತ ಏನೂ ಇಲ್ಲ. ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ತಪ್ಪಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಸಿಕ್ಸರ್ ಗ್ಯಾಲರಿಗೆ ಹೋದರೆ ಹಿಡಿದವರು ಮೈದಾನಕ್ಕೆ ಎಸೆಯುತ್ತಾರೆ, ಯಾಕಂದ್ರೆ ಅದೇ ಬಾಲ್‌ನಲ್ಲಿ ಆಟ ಮುಂದುವರಿಯಬೇಕು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂದೇ ಪಂದ್ಯಕ್ಕೆ ಡಜನ್‌ಗಟ್ಟಲೆ ಬಾಲ್ ಬೇಕು, ಸ್ಟ್ಯಾಂಡಿಗೆ ಹೋದದ್ದು ಹಿಡಿದವರದ್ದು. ಇದು ಮೊದಲಿನಿಂದ ಹೀಗಿರಲಿಲ್ಲ. ನೂರು ವರ್ಷದ ಹಿಂದೆ ಕ್ಲಬ್‌ಗಳು ಬಾಲ್ ವಾಪಸ್ ಕೇಳುತ್ತಿದ್ದವು, ಕೊಡದವರನ್ನು ಹೊರಗೆ ಹಾಕುತ್ತಿದ್ದವು. 1921ರಲ್ಲಿ ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಒಬ್ಬ ಪ್ರೇಕ್ಷಕ ತನ್ನ ಕಡೆ ಬಂದ ಫೌಲ್ ಬಾಲ್ (ಆಟದ ಗೆರೆಯ ಹೊರಗೆ ಹೋದ ಬಾಲ್) ಕೊಡುವುದಿಲ್ಲ ಅಂದ. ಜೈಂಟ್ಸ್ ಕ್ಲಬ್‌ನವರು ಅವನನ್ನು ಹೊರಗೆ ಕಳಿಸಿದರು. ಅವನು ಅವಮಾನವಾಯಿತು ಅಂತ ಕೋರ್ಟಿಗೆ ಹೋಗಿ ಗೆದ್ದ. ಸಿಕ್ಕಿದ್ದು 100 ಡಾಲರ್ ಅಷ್ಟೇ, ಆದರೆ ಅಲ್ಲಿಂದಾಚೆಗೆ ಒಂದೊಂದೇ ಕ್ಲಬ್ ಬಾಲ್ ಪ್ರೇಕ್ಷಕರಿಗೇ ಬಿಡುವ ದಾರಿ ಹಿಡಿಯಿತು. ಹಾಗಾಗಿ ಈ ಹಕ್ಕು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಜನ ಹಟ ಹಿಡಿದು ಪಡೆದದ್ದು.

ನಿಮ್ಮ ಹುಡುಗನಿಗೆ ರೋಜರ್ ಮ್ಯಾರಿಸ್ ಕಥೆ ಹೇಳಿ. 1961ರ ಅಕ್ಟೋಬರ್ 1, ಸೀಸನ್ನಿನ ಕೊನೆಯ ದಿನ. ಮ್ಯಾರಿಸ್ ಯಾಂಕೀ ಸ್ಟೇಡಿಯಂನಲ್ಲಿ 61ನೇ ಹೋಮ್ ರನ್ ಹೊಡೆದು ಬೇಬ್ ರೂತ್ ಅವರ 60ರ ದಾಖಲೆ ಮುರಿದರು. ಬಾಲ್ ಸಿಕ್ಕಿದ್ದು ಬ್ರೂಕ್ಲಿನ್‌ನ 19 ವರ್ಷದ ಹುಡುಗನಿಗೆ, ಟ್ರಕ್ ಓಡಿಸುವ ಕೆಲಸ. ಕ್ಯಾಲಿಫೋರ್ನಿಯಾದ ಹೋಟೆಲ್ ಮಾಲೀಕರೊಬ್ಬರು ಆ ಬಾಲ್ ತಂದವರಿಗೆ 5,000 ಡಾಲರ್ ಕೊಡುತ್ತೇನೆ ಅಂತ ಮೊದಲೇ ಸಾರಿದ್ದರು. ಆ ಕಾಲಕ್ಕೆ ಅಂಥ ಹುಡುಗನಿಗೆ ಅದು ಬಹಳ ದೊಡ್ಡ ದುಡ್ಡು. ಆದರೂ ಅವನು ಸೀದಾ ಮ್ಯಾರಿಸ್ ಹತ್ತಿರ ಹೋಗಿ ತಗೊಳ್ಳಿ ಅಂದ. ಮ್ಯಾರಿಸ್ ತಗೊಳ್ಳಲಿಲ್ಲ. ನೀನೇ ಇಟ್ಟುಕೋ, ಮಾರಿ ನಾಲ್ಕು ಕಾಸು ಮಾಡಿಕೋ ಅಂದುಬಿಟ್ಟರು. ಹುಡುಗನಿಗೆ 5,000 ಸಿಕ್ಕಿತು. ಹೋಟೆಲ್ ಮಾಲೀಕರು ಆಮೇಲೆ ಆ ಬಾಲನ್ನು ಮ್ಯಾರಿಸ್ ಅವರಿಗೇ ಕೊಟ್ಟರು. ಈಗ ಅದು ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಮ್ಯೂಸಿಯಂ ಸೇರಿದೆ. ಇಲ್ಲಿ ಯಾರೂ ಯಾರ ಕೈಯಿಂದಲೂ ಕಿತ್ತುಕೊಳ್ಳಲಿಲ್ಲ, ಯಾರಿಗೂ ಮೋಸ ಆಗಲಿಲ್ಲ. ಬಾಲ್ ಕೊಡುವುದು ಅಂದ್ರೆ ಹೀಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ಹಕ್ಕು ಇರಬಹುದು ಸ್ವಾಮಿ, ಆದರೆ ನ್ಯಾಯ? ವರ್ಷಗಟ್ಟಲೆ ಬೆವರು ಸುರಿಸಿ ಆ ಹೊಡೆತ ಹೊಡೆದವನು ಆಟಗಾರ. ಹಿಡಿದವನು ಮಾಡಿದ್ದೇನು, ಟಿಕೆಟ್ ತಗೊಂಡು ಆ ಸೀಟಲ್ಲಿ ಕೂತಿದ್ದ. ಇನ್ನೊಬ್ಬರ ಶ್ರಮದಿಂದ ದುಡ್ಡು ಮಾಡಿಕೊಳ್ಳುವುದು ನನಗಂತೂ ಒಪ್ಪಿಗೆ ಇಲ್ಲ.

ನಿಮ್ಮ ಮಾತಿನಲ್ಲಿ ತೂಕ ಇದೆ, ಅದಕ್ಕೇ ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಆಟಗಾರನ ಶ್ರಮದ ಫಲ ಬಾಲ್ ಒಳಗಿಲ್ಲ ಅಲ್ವಾ? ದಾಖಲೆ ಅವನದ್ದೇ. ಪುಸ್ತಕದಲ್ಲಿ ಅವನ ಹೆಸರೇ ಇರುತ್ತದೆ, ಸಂಬಳವೂ ಅವನಿಗೇ. ಒಟಾನಿ 2023ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಜೊತೆ ಮಾಡಿಕೊಂಡ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್. ಆ ಬಾಲ್ ಅವರಿಗೆ ವಾಪಸ್ ಹೋಗಲಿಲ್ಲ ಅಂತ ಅವರ 50 ಹೋಮ್ ರನ್ 49 ಆಗಲಿಲ್ಲ. ಹಿಡಿದವನಿಗಾದರೋ ಡಾಡ್ಜರ್ಸ್ 3 ಲಕ್ಷ ಡಾಲರ್ ಕೊಡುತ್ತೇವೆ ಅಂದಿತ್ತು ಅಂತ ವರದಿಯಾಗಿದೆ. ಹರಾಜಿನಲ್ಲಿ ಅದು ಸುಮಾರು 44 ಲಕ್ಷ ಡಾಲರಿಗೆ ಹೋಯಿತು. ಕ್ಲಬ್ಬೇ ಒಂದು ಬೆಲೆ ಹೇಳಿ ಕೊಳ್ಳಲು ಬಂದ ಮೇಲೆ, ಇನ್ನೂ ಒಳ್ಳೆಯ ಬೆಲೆಗೆ ಮಾರಿದವನನ್ನು ದುರಾಸೆಯವನು ಅನ್ನುವುದು ಹೇಗೆ?

ಆಟಗಾರರಲ್ಲೇ ಎಷ್ಟೋ ಜನ ಇದನ್ನು ಒಪ್ಪುತ್ತಾರೆ. ಆಲ್ಬರ್ಟ್ ಪೂಹೋಲ್ಸ್ 2022ರ ಸೆಪ್ಟೆಂಬರ್‌ನಲ್ಲಿ ತಮ್ಮ ವೃತ್ತಿಜೀವನದ 700ನೇ ಹೋಮ್ ರನ್ ಹೊಡೆದಾಗ ಬಾಲ್ ಹಿಡಿದವನು ಅದನ್ನು ತೆಗೆದುಕೊಂಡು ಮನೆಗೆ ಹೋದ. ಇಂಥ ನೆನಪಿನ ವಸ್ತು ಇರುವುದೇ ಅಭಿಮಾನಿಗಳಿಗೆ, ಅವರು ಇಟ್ಟುಕೊಂಡರೆ ನನ್ನದೇನೂ ತಕರಾರಿಲ್ಲ ಅಂದರು ಪೂಹೋಲ್ಸ್. ಅದಕ್ಕೆ ಮೂರು ವರ್ಷ ಮೊದಲು ಡೆಟ್ರಾಯಿಟ್‌ನಲ್ಲಿ ಅವರ 2000ನೇ ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್) ಬಾಲ್ ಸಿಕ್ಕ ಅಭಿಮಾನಿ ಸ್ಟೇಡಿಯಂನವರಿಗೆ ಕೊಡಲು ಒಪ್ಪದೆ ಹೋಗಿದ್ದ. ಆಗಲೂ ಅವರು ಇಟ್ಟುಕೊಳ್ಳಲಿ ಬಿಡಿ ಅಂದಿದ್ದರು. ಒತ್ತಾಯ ನಿಂತ ಮೇಲೆ ಆ ಅಭಿಮಾನಿ ತಾನಾಗಿಯೇ ಬಾಲನ್ನು ಹಾಲ್ ಆಫ್ ಫೇಮ್‌ಗೆ ಕೊಟ್ಟ.

ಒಂದು ಕಡೆ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ, ಮತ್ತು ಈ ಚರ್ಚೆಯಲ್ಲಿ ಯಾರೂ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ ಅನ್ನುವುದು ನನ್ನ ಬೇಸರ. ಚಿಕ್ಕ ತಂಡಗಳಲ್ಲಿ ವರ್ಷಗಟ್ಟಲೆ ಬಸ್ಸಲ್ಲಿ ಓಡಾಡಿ, ಕಡಿಮೆ ಸಂಬಳಕ್ಕೆ ಆಡಿ, ಕೊನೆಗೂ ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ಗೆ ಬಂದ ಹುಡುಗ ತನ್ನ ಮೊಟ್ಟಮೊದಲ ಹೋಮ್ ರನ್ ಹೊಡೆಯುತ್ತಾನೆ. ಅವನ ಹೆಸರು ಸ್ಟೇಡಿಯಂನಲ್ಲಿ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಆ ಬಾಲಿಗೆ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆ ಇಲ್ಲ. ಆದರೆ ಅವನ ಅಪ್ಪ ಅಮ್ಮ ಮೇಲೆ ಕೂತು ಅಳುತ್ತಿರುತ್ತಾರೆ, ಅವನು ಎರಡನೆಯದು ಹೊಡೆಯುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆ ಒಂದು ಬಾಲ್ ಬಿಟ್ಟರೆ ಅವನಿಗೆ ಮ್ಯೂಸಿಯಂ ಇಲ್ಲ, ದಾಖಲೆ ಪುಸ್ತಕ ಇಲ್ಲ, 70 ಕೋಟಿ ಒಪ್ಪಂದವೂ ಇಲ್ಲ. ಅಂಥ ಬಾಲ್ ನಿಮ್ಮ ಕೈಗೆ ಬಂದರೆ ಒಂದು ಮಾತೂ ಆಡದೆ ಕೊಟ್ಟುಬಿಡಿ. ಸಾಮಾನ್ಯವಾಗಿ ಕ್ಲಬ್‌ನವರೇ ಬಂದು ಸಹಿ ಮಾಡಿದ ಬೇರೆ ಬಾಲೋ ಬ್ಯಾಟೋ ಕೊಟ್ಟು ಬದಲಾಯಿಸಿಕೊಳ್ಳುತ್ತಾರೆ. ಅವರು ಏನೂ ಕೊಡದಿದ್ದರೂ ಕೊಡಿ. ಕೋಟಿಯ ಬಾಲ್ ಬಗ್ಗೆ ಎಲ್ಲರೂ ಧರ್ಮ ಹೇಳುತ್ತಾರೆ, ಈ ಬಾಲ್ ಬಗ್ಗೆ ಹೇಳುವವರಿಲ್ಲ. ಬೆಲೆ ಕಡಿಮೆ ಇದ್ದಷ್ಟೂ ಕೊಡುವ ಜವಾಬ್ದಾರಿ ಜಾಸ್ತಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಬಾಲ್ ಹಿಡಿದವರ ಸುತ್ತ ತಕ್ಷಣ ಸೆಕ್ಯುರಿಟಿಯವರು ನಿಲ್ಲುತ್ತಾರೆ, ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ. ಇದು ಸರಿಯಾ?

ರಕ್ಷಣೆಗೆ ನಿಂತರೆ ಸರಿ. ಲಕ್ಷಗಟ್ಟಲೆ ಬೆಲೆಯ ವಸ್ತು ಜೇಬಲ್ಲಿಟ್ಟುಕೊಂಡು ಆ ಗುಂಪಿನಲ್ಲಿ ಕೂರುವುದು ಅಪಾಯ. ಆದರೆ ರಕ್ಷಣೆಯ ಹೆಸರಲ್ಲಿ ಬಾಗಿಲು ಹಾಕಿ ಚೌಕಾಸಿ ಮಾಡಿದರೆ ಅದು ಖಂಡಿತ ತಪ್ಪು.

2024ರ ಏಪ್ರಿಲ್ 3ರಂದು ಒಟಾನಿ ಡಾಡ್ಜರ್ಸ್ ಪರ ಮೊದಲ ಹೋಮ್ ರನ್ ಹೊಡೆದಾಗ ಬಾಲ್ ಸಿಕ್ಕಿದ್ದು ಒಬ್ಬ ಮಹಿಳೆಗೆ, ಗಂಡನ ಜೊತೆ ಬಂದಿದ್ದರು. ಆಮೇಲೆ ಆ ದಂಪತಿ ಪತ್ರಕರ್ತರಿಗೆ ಹೇಳಿದ್ದು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಸಿಬ್ಬಂದಿ ಅವರನ್ನು ಗಂಡನಿಂದ ಬೇರೆ ಕರೆದುಕೊಂಡು ಹೋಗಿ ಮಾತಾಡಿದರಂತೆ. ಬಾಲ್ ತೆಗೆದುಕೊಂಡು ಹೊರಗೆ ಹೋದರೆ ಇದು ಅಸಲಿ ಅಂತ ನಾವು ದೃಢೀಕರಿಸುವುದಿಲ್ಲ ಅಂದರಂತೆ. ಕೊನೆಗೆ ಕೈಗೆ ಬಂದದ್ದು ಸಹಿ ಮಾಡಿದ ಎರಡು ಟೋಪಿ, ಒಂದು ಬ್ಯಾಟ್, ಒಂದು ಬಾಲ್. ಹರಾಜಿನವರ ಅಂದಾಜಿನಲ್ಲಿ ಆ ಬಾಲಿಗೆ ಒಂದು ಲಕ್ಷ ಡಾಲರ್ ಆದರೂ ಬರುತ್ತಿತ್ತು. ಆ ಮಹಿಳೆ ದುಡ್ಡಿಗೆ ಆಸೆಪಟ್ಟವರೇ ಅಲ್ಲ, ಕೊಡಲು ಮನಸ್ಸಿದ್ದವರು. ಅಂಥವರನ್ನು ಒಂಟಿಯಾಗಿ ನಿಲ್ಲಿಸಿ, ದಾಕ್ಷಿಣ್ಯಕ್ಕೆ ಸಿಕ್ಕಿಸಿ ಒಪ್ಪಿಸಿದರೆ ಅದನ್ನು ಉಡುಗೊರೆ ಅನ್ನಲು ಬರುತ್ತದಾ?

ಆ 'ದೃಢೀಕರಿಸುವುದಿಲ್ಲ' ಅನ್ನುವ ಮಾತಿನ ಶಕ್ತಿ ಏನು ಅಂತ ತಿಳಿದಿರಬೇಕು. ಮೇಜರ್ ಲೀಗ್‌ನಲ್ಲಿ 2001ರಿಂದ ಅಸಲಿ ವಸ್ತುಗಳಿಗೆ ಹೊಲೊಗ್ರಾಂ ಅಂಟಿಸುವ ವ್ಯವಸ್ಥೆ ಇದೆ. ಪಂದ್ಯದಲ್ಲಿ ಕೂತು ನೋಡುವ ಸಾಕ್ಷಿಗಳು ಹೆಚ್ಚಿನಂಶ ಪೊಲೀಸ್ ಕೆಲಸ ಮಾಡಿದವರು. ದೊಡ್ಡ ದಾಖಲೆ ಹತ್ತಿರ ಬಂದಾಗ ಆ ಬ್ಯಾಟರ್ ಬಂದ ಕೂಡಲೇ ಗುಟ್ಟಾಗಿ ಗುರುತು ಹಾಕಿದ ಬಾಲ್‌ಗಳನ್ನು ಬಳಸುತ್ತಾರೆ. ಹೊಲೊಗ್ರಾಂ ಇಲ್ಲದ ಬಾಲ್ ಕೊಳ್ಳುವವರ ಕಣ್ಣಲ್ಲಿ ಬರೀ ಚರ್ಮದ ಉಂಡೆ. ಈ ಕೀಲಿ ಆಟ ನಡೆಸುವವರ ಕೈಯಲ್ಲಿದೆ, ಅದನ್ನು ಬೆದರಿಕೆಗೆ ಬಳಸಬಾರದು. ಬಾಲ್ ನಿಮ್ಮದೇ ಆಗಿ ಉಳಿದರೂ ಹೊಲೊಗ್ರಾಂ ಅಂಟಿಸಿಕೊಡಬೇಕು. ಇದನ್ನು ನಿಯಮವಾಗಿಯೇ ಬರೆದು ಎಲ್ಲ ಸ್ಟೇಡಿಯಂನಲ್ಲೂ ಹಾಕಬೇಕು.

ಪ್ರಶ್ನೆ: ಇಬ್ಬರು ಹಿಡಿದರೆ?

ಆಗ ಇಬ್ಬರಿಗೂ ನೆಮ್ಮದಿ ಇಲ್ಲ. 2001ರ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ಯಾರಿ ಬಾಂಡ್ಸ್ ಆ ಸೀಸನ್ನಿನ 73ನೇ ಹೋಮ್ ರನ್ ಹೊಡೆದರು. ಬಾಲ್ ಒಬ್ಬನ ಗ್ಲೌಸಿಗೆ ಬಂತು. ಅಷ್ಟರಲ್ಲಿ ಜನ ಮೈಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡವಿದರು, ಬಾಲ್ ಉರುಳಿತು. ಪಕ್ಕದಲ್ಲಿ ಬಿದ್ದಿದ್ದ ಇನ್ನೊಬ್ಬ, ಯಾರನ್ನೂ ತಳ್ಳದವನು, ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಕೇಸು ಒಂದು ವರ್ಷಕ್ಕೂ ಜಾಸ್ತಿ ನಡೆಯಿತು. ಮೊದಲನೆಯವನಿಗೆ ಹಿಡಿತ ಪೂರ್ತಿ ಮಾಡಿಕೊಳ್ಳಲು ಗುಂಪು ಬಿಡಲಿಲ್ಲ, ಎರಡನೆಯವನು ತಪ್ಪು ಮಾಡಲಿಲ್ಲ, ಆದ್ದರಿಂದ ಮಾರಿ ಸಮ ಹಂಚಿಕೊಳ್ಳಿ ಅಂತ ಜಡ್ಜ್ ತೀರ್ಪು ಕೊಟ್ಟರು. ಹತ್ತು ಲಕ್ಷ ಡಾಲರ್ ದಾಟುತ್ತದೆ ಅಂದುಕೊಂಡಿದ್ದ ಬಾಲ್ 2003ರಲ್ಲಿ ಹೋಗಿದ್ದು 4.5 ಲಕ್ಷಕ್ಕೆ. ಕೇಸು ಹಾಕಿದವನಿಗೆ ಅವನ ಲಾಯರ್ ಕೇಳಿದ ಫೀಸು ಅವನ ಪಾಲಿಗಿಂತ ಜಾಸ್ತಿ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಟಾನಿಯ 50ನೇ ಬಾಲ್ ಮೇಲೂ ಮೊದಲು ಹಿಡಿದದ್ದು ನಾನು ಅಂತ ಕೋರ್ಟಿಗೆ ಹೋದವರಿದ್ದಾರೆ. ಅಂಥ ಗಲಾಟೆ ಶುರುವಾದರೆ ಅಲ್ಲೇ ಕೂತು ಪಾಲು ಮಾತಾಡಿಕೊಂಡು ಬಿಡುವುದೇ ಜಾಣತನ.

ಪ್ರಶ್ನೆ: ಬಾಲ್ ಇಟ್ಟುಕೊಂಡರೂ ತೆರಿಗೆ, ಕೊಟ್ಟರೂ ತೆರಿಗೆ ಅಂತ ಕೇಳಿದ್ದೇನೆ. ನಿಜವಾ?

ಕೊಟ್ಟರೆ ತೆರಿಗೆ ಇಲ್ಲ. 1998ರಲ್ಲಿ ಮಾರ್ಕ್ ಮೆಗ್ವಾಯರ್ ಮ್ಯಾರಿಸ್ ಅವರ 61ರ ದಾಖಲೆಯ ಹತ್ತಿರ ಇದ್ದಾಗ ಅಮೆರಿಕದ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು, ಬಾಲ್ ವಾಪಸ್ ಕೊಟ್ಟವನು ಉಡುಗೊರೆ ತೆರಿಗೆ ಕಟ್ಟಬೇಕಾಗಬಹುದು ಅಂದಿದ್ದರು. ಜನ ರೇಗಿದರು. ಇಲಾಖೆಯ ಮುಖ್ಯಸ್ಥರೇ ಹಾಗೇನಿಲ್ಲ ಅಂತ ಸ್ಪಷ್ಟ ಮಾಡಬೇಕಾಯಿತು. ಮಾರಿದರೆ ಬಂದ ದುಡ್ಡಿಗೆ ತೆರಿಗೆ ಇದ್ದೇ ಇದೆ. ಕೊಟ್ಟದ್ದಕ್ಕೆ ಬದಲಾಗಿ ಬೆಲೆಬಾಳುವ ಉಡುಗೊರೆ ಬಂದರೂ ತೆರಿಗೆ ತಲೆಗೆ ಸುತ್ತಿಕೊಳ್ಳಬಹುದು. 2011ರಲ್ಲಿ ಡೆರೆಕ್ ಜೀಟರ್ ಅವರ 3000ನೇ ಹಿಟ್ (ಬಾಲ್ ಹೊಡೆದು ಔಟಾಗದೆ ಬೇಸ್ ಮುಟ್ಟುವುದು) ಹೋಮ್ ರನ್ ಆಗಿತ್ತು. ಹಿಡಿದ ಯುವಕ ಏನೂ ಕೇಳದೆ ಬಾಲ್ ಕೊಟ್ಟ, ಅದೂ ತಲೆ ಮೇಲೆ ಒಂದು ಲಕ್ಷ ಡಾಲರಿಗೂ ಜಾಸ್ತಿ ಓದಿನ ಸಾಲ ಇಟ್ಟುಕೊಂಡು. ಜೀಟರ್ ಅವರ ತಂಡ ಯಾಂಕೀಸ್ ಸಂತೋಷಕ್ಕೆ ಆ ಸೀಸನ್ನಿನ ಉಳಿದ ಪಂದ್ಯಗಳಿಗೆ ಐಷಾರಾಮಿ ಬಾಕ್ಸ್ ಟಿಕೆಟ್, ಸಹಿ ಮಾಡಿದ ಬ್ಯಾಟು, ಜರ್ಸಿ ಎಲ್ಲ ಕೊಟ್ಟಿತು. ಆಮೇಲೆ ನೋಡಿದರೆ ಆ ಉಡುಗೊರೆಗಳಿಗೇ ಸಾವಿರಾರು ಡಾಲರ್ ತೆರಿಗೆ ಬರಬಹುದು ಅನ್ನುವ ಸುದ್ದಿ. ಕೆಲವು ಕಂಪನಿಗಳು ನಾವು ಕಟ್ಟುತ್ತೇವೆ ಅಂತ ಮುಂದೆ ಬಂದವು. ಹಾಗಾಗಿ ಕ್ಲಬ್ ಏನಾದರೂ ಕೊಟ್ಟರೆ ಅದರ ತೆರಿಗೆ ಯಾರು ಕಟ್ಟುವುದು ಅಂತ ಆಗಲೇ ಕೇಳಿ. ನಾಚಿಕೆ ಬೇಡ.

ಪ್ರಶ್ನೆ: ನಾನು ಕ್ರೀಡಾಂಗಣ ಒಂದರ ನೌಕರ. ಡ್ಯೂಟಿಯಲ್ಲಿದ್ದಾಗ ಸಿಕ್ಕರೆ ಪ್ರೇಕ್ಷಕನಷ್ಟೇ ಹಕ್ಕು ಇರುತ್ತದಾ?

ಇಲ್ಲ. ಕೆಲಸದ ಮೇಲೆ ಸಿಕ್ಕಿದ್ದು ಕ್ಲಬ್‌ನದ್ದು. 1998ರಲ್ಲಿ ಮೆಗ್ವಾಯರ್ 62ನೆಯದು ಹೊಡೆದಾಗ ಬಾಲ್ ಸಿಕ್ಕಿದ್ದು ಮೈದಾನದ ಕೆಲಸಗಾರನಿಗೆ. ಅದಕ್ಕೆ ಹತ್ತು ಲಕ್ಷ ಡಾಲರ್ ಬರುತ್ತದೆ ಅಂತ ಊರೆಲ್ಲ ಮಾತಾಡುತ್ತಿದ್ದರೂ ಅವನು ಆ ರಾತ್ರಿಯೇ ಕೊಟ್ಟುಬಿಟ್ಟ.

ಆದರೆ ಇದಕ್ಕೂ ಒಂದು ರೀತಿ ಇದೆ. 1976ರ ಜುಲೈ 20ರಂದು ಮಿಲ್ವಾಕಿಯಲ್ಲಿ ಹ್ಯಾಂಕ್ ಆರನ್ 755ನೇ ಹೋಮ್ ರನ್ ಹೊಡೆದರು. ಅದೇ ಅವರ ಕೊನೆಯದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಬಾಲ್ ಎತ್ತಿಕೊಂಡ ಮೈದಾನದ ಕೆಲಸಗಾರ ನಾನೇ ಆರನ್ ಕೈಗೆ ಕೊಡುತ್ತೇನೆ ಅಂದ. ಅಷ್ಟೇ ಅವನ ಆಸೆ. ಕ್ಲಬ್ ಬಿಡಲಿಲ್ಲ, ನಮಗೆ ಕೊಡು ಅಂತು. ಅವನು ಕೊಡಲಿಲ್ಲ. ಕೆಲಸದಿಂದ ತೆಗೆದರು, ಕೊನೆಯ ಸಂಬಳದಲ್ಲಿ ಬಾಲಿನ ಬೆಲೆ ಅಂತ 5 ಡಾಲರ್ ಹಿಡಿದುಕೊಂಡರು. 1999ರಲ್ಲಿ ಆ ಬಾಲ್ 6.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅವನು ತನಗೆ ಬಂದ ದುಡ್ಡಿನಲ್ಲಿ ಕಾಲುಭಾಗ ಆರನ್ ಅವರ ಮಕ್ಕಳ ನಿಧಿಗೆ ಕೊಟ್ಟ. ಎರಡು ನಿಮಿಷ ಕೈಕುಲುಕಲು ಬಿಟ್ಟಿದ್ದರೆ ಮುಗಿಯುತ್ತಿದ್ದ ವಿಷಯ. ಆದರೂ ನಿಮಗೆ ನನ್ನ ಸಲಹೆ, ಕೊಟ್ಟುಬಿಡಿ. ನಾನೇ ಕೈಯಾರೆ ಕೊಡಬೇಕು ಅಂತ ಕೇಳಿಕೊಳ್ಳಿ, ಅದು ನ್ಯಾಯವಾದ ಬೇಡಿಕೆ.

ಪ್ರಶ್ನೆ: ಎದುರಾಳಿ ತಂಡದವರ ಹೋಮ್ ರನ್ ಬಾಲನ್ನು ಮೈದಾನಕ್ಕೆ ವಾಪಸ್ ಎಸೆಯುತ್ತಾರಲ್ಲ, ಅದೇನು?

ಅದು ಶಿಕಾಗೋದ ರಿಗ್ಲಿ ಫೀಲ್ಡ್‌ನ ಹಳೆಯ ಪದ್ಧತಿ, ಈಗ ಬೇರೆ ಕಡೆಯೂ ಇದೆ. ಗೊತ್ತಿದ್ದವರು ಜೇಬಲ್ಲಿ ಇನ್ನೊಂದು ಬಾಲ್ ತಂದು ಅದನ್ನು ಎಸೆಯುತ್ತಾರೆ, ಅಸಲಿ ಇಟ್ಟುಕೊಳ್ಳುತ್ತಾರೆ. ದಾಖಲೆಯ ಬಾಲ್ ಮಾತ್ರ ಸುತ್ತಲಿನವರು ಎಷ್ಟೇ ಕೂಗಿದರೂ ಎಸೆಯಬೇಡಿ.

ಪ್ರಶ್ನೆ: ಮಗಳ ಮನೆಗೆ ಅಂತ ಕ್ಯಾಲಿಫೋರ್ನಿಯಾಗೆ ಹೋಗುತ್ತಿದ್ದೇನೆ, ಪಂದ್ಯಕ್ಕೂ ಕರೆದುಕೊಂಡು ಹೋಗುತ್ತಾರಂತೆ. ಅಂಥ ಬಾಲ್ ನನ್ನ ಕೈಗೇ ಬಂದರೆ ಏನು ಮಾಡಲಿ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮೊದಲು ಬಾಲ್ ಒಳಜೇಬಿಗೆ ಹಾಕಿ ಕೂತುಬಿಡಿ ಅಮ್ಮ. ಯಾರೇ ಬಂದು ಕೇಳಿದರೂ ಮಗಳು ಪಕ್ಕದಲ್ಲಿಲ್ಲದೆ ಎದ್ದು ಹೋಗಬೇಡಿ. ಹೊಲೊಗ್ರಾಂ ಅಂಟಿಸಿಕೊಡಿ, ಮಿಕ್ಕಿದ್ದು ನಾಳೆ ಮಾತಾಡೋಣ ಅನ್ನಿ. ಆ ಹತ್ತು ನಿಮಿಷದಲ್ಲಿ ಯಾವ ತೀರ್ಮಾನವೂ ಬೇಡ. ಮನೆಗೆ ಬಂದು ಯೋಚನೆ ಮಾಡಿ, ಬೇಕೋ ಬೇಡವೋ ಹೇಳಿ.

ನಾನಾಗಿದ್ದರೆ ಕೊಡುತ್ತಿದ್ದೆ, ಆದರೆ ಕ್ಲಬ್‌ಗಲ್ಲ, ಆಟಗಾರನಿಗೆ, ಅದೂ ಅವನಿಗೆ ನಿಜವಾಗಿ ಬೇಕು ಅಂತಿದ್ದರೆ. ಯಾಂಕೀಸ್ ಆಟಗಾರ ಆರನ್ ಜಡ್ಜ್ 2022ರಲ್ಲಿ ಮ್ಯಾರಿಸ್ ಅವರ 61 ಮುಟ್ಟಿದಾಗ ಬಾಲ್ ಟೊರಾಂಟೋದ ಬುಲ್‌ಪೆನ್‌ಗೆ (ಬಾಲ್ ಎಸೆಯುವವರು ಅಭ್ಯಾಸ ಮಾಡುವ ಜಾಗ) ಬಿದ್ದು ಅವರ ಕೈಗೇ ಬಂತು, ಅದನ್ನು ಅವರು ತಾಯಿಗೆ ಕೊಟ್ಟರು. ಅಂಥದ್ದಕ್ಕೆ ಕೊಡಬಹುದು. ಮುಂದಿನ ವಾರ ಟೆಕ್ಸಸ್‌ನಲ್ಲಿ ಅವರ 62ನೆಯದು ಹಿಡಿದವನು 30 ಲಕ್ಷ ಡಾಲರಿನ ಮಾತು ಬಂದರೂ ಕೊಡದೆ ಹರಾಜಿಗೆ ಹಾಕಿದ, 15 ಲಕ್ಷ ಬಂತು. ಅವನ ಮೇಲೂ ನನಗೆ ಬೇಸರ ಇಲ್ಲ. ಅವನ ಬಾಲ್, ಅವನ ಲೆಕ್ಕ.

ನಿಮಗೆ ದುಡ್ಡು ಬೇಡ, ಸುಮ್ನೆ ಕೊಡಲೂ ಮನಸ್ಸಿಲ್ಲ ಅಂದರೆ ಇನ್ನೊಂದು ದಾರಿಯೂ ಇದೆ. ಅಲೆಕ್ಸ್ ರೊಡ್ರಿಗಸ್ 2015ರಲ್ಲಿ 3000ನೇ ಹಿಟ್ಟಿಗೆ ಹೋಮ್ ರನ್ ಹೊಡೆದಾಗ ಬಾಲ್ ಸಿಕ್ಕಿದ್ದು ಬಾಲ್ ಸಂಗ್ರಹಿಸುವುದನ್ನೇ ಹವ್ಯಾಸ ಮಾಡಿಕೊಂಡವನಿಗೆ. ಅವನು ಮೊದಲು ಒಪ್ಪಲಿಲ್ಲ. ಕೊನೆಗೆ ಮಕ್ಕಳಿಗೆ ಆಟದ ಸಾಮಾನು ಒದಗಿಸುವ ಒಂದು ಸಂಸ್ಥೆಗೆ ಯಾಂಕೀಸ್ 1.5 ಲಕ್ಷ ಡಾಲರ್ ಕೊಡುವುದಾದರೆ ಕೊಡುತ್ತೇನೆ ಅಂದ, ಅವರು ಕೊಟ್ಟರು. ಇದು ನನಗೆ ತುಂಬಾ ಹಿಡಿಸಿತು. ಇನ್ನು 2025ರಲ್ಲಿ ಮೈಕ್ ಟ್ರೌಟ್ 400ನೇ ಹೋಮ್ ರನ್ ಹೊಡೆದಾಗ ಹಿಡಿದವನು, ನಿಮ್ಮ ಜೊತೆ ಮೈದಾನದಲ್ಲಿ ನಿಂತು ಸ್ವಲ್ಪ ಹೊತ್ತು ಬಾಲ್ ಎಸೆದು ಹಿಡಿದು ಆಡಬೇಕು ಅಂತ ಕೇಳಿದ. ಪಂದ್ಯ ಮುಗಿದ ಮೇಲೆ ಟ್ರೌಟ್ ಬಂದು ಅವನ ಜೊತೆ ಆಡಿದರು. ನಿಮಗೂ ಅಂಥ ಆಸೆ ಏನಾದರೂ ಇದ್ದರೆ ಬಾಯಿಬಿಟ್ಟು ಕೇಳಿ. ಪ್ರಯಾಣ ಸುಖವಾಗಿರಲಿ, ಗ್ಲೌಸ್ ಮಗಳ ಮನೆಯಲ್ಲಿದ್ದರೆ ಮರೆಯದೆ ತೆಗೆದುಕೊಂಡು ಹೋಗಿ, ಬರಿಗೈಯಲ್ಲಿ ಹಿಡಿಯಲು ಹೋದರೆ ಬೆರಳು ಮುರಿಯುತ್ತದೆ.